ಕ್ಯಾನನ್ 70-200 ಎಫ್4 ಐಎಸ್: ಬದಿಯಡ್ಕದ ಮಳೆಯಿಂದ ಸ್ವಾಲ್‌ಬಾರ್ಡ್‌ನ ಬೆಟ್ಟಗಳವರೆಗೆ

ಉತ್ತರ ಧ್ರುವದ ಹತ್ತಿರ ಇರುವ ಸ್ವಾಲ್‌ಬಾರ್ಡ್ ದ್ವೀಪಗಳ ಫೋಟೋಗಳನ್ನು ಬದಿಯಡ್ಕದ ನಮ್ಮ ಸ್ಟುಡಿಯೋದ ಗೋಡೆಗೆ ಹಾಕಿದ ದಿನದಿಂದ ಬಂದವರೆಲ್ಲ ಕೇಳುವುದು ಒಂದೇ, ಯಾವ ಲೆನ್ಸ್ ಅಂತ. ಹೇಳಿದರೆ ಅರ್ಧ ಜನ ನಂಬುವುದಿಲ್ಲ. ಕ್ಯಾನನ್ ಇಎಫ್ 70-200 ಎಫ್4 ಎಲ್ ಐಎಸ್, 2006ರಲ್ಲಿ ಬಂದ ಮೊದಲನೇ ಆವೃತ್ತಿ. 70ರಿಂದ 200 ಮಿ.ಮೀ.ವರೆಗೆ ಜೂಮ್ ಆಗಿ ದೂರದ್ದನ್ನು ಹತ್ತಿರ ತರುವ ಲೆನ್ಸ್; ಎಫ್ ಅಂಕಿ ಚಿಕ್ಕದಾದಷ್ಟು ಒಳಗೆ ಬರುವ ಬೆಳಕು ಹೆಚ್ಚು, ಐಎಸ್ ಅಂದರೆ ಕೈನಡುಕ ತಡೆಯುವ ವ್ಯವಸ್ಥೆ. ಮಂಗಳೂರಿನ ಒಬ್ಬ ಫೋಟೋಗ್ರಾಫರ್ ಕೈಯಿಂದ 42 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಹತ್ತು ವರ್ಷದಿಂದ ಮದುವೆ, ಉಪನಯನ, ಕೋಲ, ಯಕ್ಷಗಾನ ಎಲ್ಲ ಇದರಲ್ಲೇ ತೆಗೆದಿದ್ದೇನೆ. ಕಳೆದ ಆಗಸ್ಟಿನಲ್ಲಿ ಅದನ್ನೇ ನನ್ನ ಕ್ಯಾನನ್ 6ಡಿ ಕ್ಯಾಮೆರಾಕ್ಕೆ ಹಾಕಿಕೊಂಡು 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಅಲ್ಲಿನ ಊರು ಲಾಂಗ್‌ಇಯರ್‌ಬ್ಯೆನ್‌ಗೆ ಹೋಗಿ ಬಂದೆ.

ಆಗಸ್ಟ್ ಯಾಕೆ ಅಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆಟಿ ತಿಂಗಳಲ್ಲಿ ಮದುವೆ ಇಲ್ಲ, ಸ್ಟುಡಿಯೋಗೆ ಕೆಲಸ ಇಲ್ಲ, ಹೊರಗೆ ಕಾಲಿಡಲು ಆಗದ ಮಳೆ. ತಂಗಿ ಮತ್ತು ಭಾವ ಓಸ್ಲೋದಲ್ಲಿದ್ದಾರೆ, ವರ್ಷಗಟ್ಟಲೆ ಕರೆಯುತ್ತಿದ್ದರು. ಹೋಗುವವರಿಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಸ್ವಾಲ್‌ಬಾರ್ಡ್ ನಾರ್ವೆಗೆ ಸೇರಿದ್ದರೂ, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಶೆಂಗೆನ್ ವಲಯದ ಒಳಗಿಲ್ಲ. ಅಲ್ಲಿಗೆ ಹೋಗಲು ಬೇರೆ ವೀಸಾ ಬೇಡ, ಆದರೆ ದಾರಿ ಇರುವುದು ನಾರ್ವೆ ಮೂಲಕ, ಹಾಗಾಗಿ ವಾಪಸ್ ಬರುವಾಗ ಶೆಂಗೆನ್‌ಗೆ ಎರಡನೇ ಸಲ ಪ್ರವೇಶ ಆಗುತ್ತದೆ. ಡಬಲ್ ಎಂಟ್ರಿ ವೀಸಾನೇ ಮಾಡಿಸಿ. ತಂಗಿ ಮೊದಲೇ ಹೇಳಿದ್ದಕ್ಕೆ ನಾನು ಬಚಾವ್ ಆದೆ.

ಇನ್ನು ಲೆನ್ಸಿನ ವಿಷಯ. ಬೆಟ್ಟದ ಫೋಟೋ ಅಂದರೆ ಅಗಲಕ್ಕೆ ಹೆಚ್ಚು ಜಾಗ ಹಿಡಿಯುವ ವೈಡ್ ಲೆನ್ಸ್ ಬೇಕು ಅಂತ ಎಲ್ಲರೂ ಹೇಳಿದ್ದರು, ನನಗೂ ಹಾಗೇ ಅನ್ನಿಸಿತ್ತು. 17-40 ಅನ್ನುವ ವೈಡ್ ಲೆನ್ಸ್ ಕೂಡ ಬ್ಯಾಗಿಗೆ ಹಾಕಿಕೊಂಡಿದ್ದೆ. ಮೊದಲ ದಿನ ಸಂಜೆ ಊರಿನ ಕಡಲ ಬದಿಯ ರಸ್ತೆಯಲ್ಲಿ ನಿಂತು ಅದರಲ್ಲೇ ನೂರಕ್ಕೂ ಜಾಸ್ತಿ ಫೋಟೋ ತೆಗೆದೆ. ಎದುರಿಗೆ ಅಡ್ವೆಂಟ್‌ಫ್ಯೋರ್ಡ್ (ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲು), ಅದರಾಚೆ ಹಿಯೋರ್ತ್‌ಫ್ಯೆಲೆಟ್ ಅನ್ನುವ ಬೆಟ್ಟ. ಕಣ್ಣಿಗೆ ಎದೆ ತುಂಬುವಷ್ಟು ದೊಡ್ಡದು. ರೂಮಿಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಬೆಟ್ಟವೇ ಇಲ್ಲ! ಮೇಲೆ ಆಕಾಶ, ಕೆಳಗೆ ನೀರು, ನಡುವೆ ಬೆರಳಗಲದ ಒಂದು ಕಂದು ಪಟ್ಟಿ.

ಯಾಕೆ ಹೀಗಾಗುತ್ತದೆ ಅಂತ ಆ ರಾತ್ರಿ ತುಂಬ ಯೋಚಿಸಿದೆ. ನಮ್ಮಲ್ಲಿ ಪೊಸಡಿಗುಂಪೆ ಗುಡ್ಡಕ್ಕೆ ಹತ್ತಿ ನೋಡಿದರೆ ಮೊದಲು ಹಸಿರು ಗುಡ್ಡ, ಅದರ ಹಿಂದೆ ನೀಲಿ ಗುಡ್ಡ, ಅದರ ಹಿಂದೆ ಬೂದು ಗುಡ್ಡ. ಗಾಳಿಯಲ್ಲಿರುವ ತೇವವೇ ದೂರ ಎಷ್ಟು ಅಂತ ಹೇಳಿಕೊಡುತ್ತದೆ. ತೆಂಗಿನ ಮರ, ಅಡಿಕೆ ತೋಟ, ಮನೆಯ ಮಾಡು ಇದ್ದರೆ ಗಾತ್ರದ ಲೆಕ್ಕವೂ ಸಿಗುತ್ತದೆ. ಅಲ್ಲಿ ಇದು ಯಾವುದೂ ಇಲ್ಲ. ಒಂದೇ ಒಂದು ಮರ ಇಲ್ಲ. ಗಾಳಿ ತೊಳೆದಿಟ್ಟ ಗಾಜಿನ ಹಾಗೆ. ಹತ್ತು ಕಿಲೋಮೀಟರ್ ಆಚೆಯ ಬಂಡೆಯ ಬಿರುಕು ಕೂಡ ಕಾಣುತ್ತದೆ, ಹಾಗಾಗಿ ಎಲ್ಲ ಬೆಟ್ಟವೂ ಇಲ್ಲೇ ಗದ್ದೆಯಾಚೆ ಇದೆ ಅನ್ನಿಸುತ್ತದೆ. ಆ ಹಿಯೋರ್ತ್‌ಫ್ಯೆಲೆಟ್ 928 ಮೀಟರ್ ಎತ್ತರ, ಸಮುದ್ರದಿಂದಲೇ ಎದ್ದು ನಿಂತದ್ದು. ಕಣ್ಣು ಮೋಸ ಹೋಗುತ್ತದೆ, ವೈಡ್ ಲೆನ್ಸ್ ಮೋಸ ಹೋಗುವುದಿಲ್ಲ. ಅದು ದೂರ ಇರುವುದನ್ನು ದೂರವೇ ತೋರಿಸುತ್ತದೆ.

ಮರುದಿನ 70-200 ಹಾಕಿದೆ. ಆಮೇಲೆ ವಾಪಸ್ ಬರುವವರೆಗೆ ಅದನ್ನು ತೆಗೆದದ್ದು ಬಹಳ ಕಡಿಮೆ. ಗೋಡೆಗೆ ಹಾಕಿದ 11 ಫೋಟೋಗಳಲ್ಲಿ 9 ಇದರದ್ದೇ, ಅದರಲ್ಲೂ ಹೆಚ್ಚಿನವು 100ರಿಂದ 200ರ ನಡುವೆ ತೆಗೆದವು.

ಅಲ್ಲಿನ ಬೆಟ್ಟಗಳ ರೂಪ ಹೇಗೆ ಅಂತ ಹೇಳಿದರೆ ಈ ಲೆನ್ಸ್ ಯಾಕೆ ಹೊಂದಿತು ಅಂತ ಗೊತ್ತಾದೀತು. 1596ರಲ್ಲಿ ಬ್ಯಾರೆಂಟ್ಸ್ ಎಂಬ ಡಚ್ ನಾವಿಕ ಅಲ್ಲಿ ಚೂಪು ಶಿಖರಗಳನ್ನು ಕಂಡು ಸ್ಪಿಟ್ಸ್‌ಬರ್ಗೆನ್ ಅಂತ ಹೆಸರಿಟ್ಟನಂತೆ, ಚೂಪು ಬೆಟ್ಟಗಳು ಅಂತ ಅರ್ಥ. ಆದರೆ ಲಾಂಗ್‌ಇಯರ್‌ಬ್ಯೆನ್ ಸುತ್ತ ಇರುವವು ಹಾಗಿಲ್ಲ. ತಲೆ ಚಪ್ಪಟೆ, ನಮ್ಮ ಪದವುಗಳ ಹಾಗೆ. ಬದಿಯಲ್ಲಿ ಅಡ್ಡ ಅಡ್ಡ ಪದರ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪಣೆಯಲ್ಲಿ, ಅಂದರೆ ಕಲ್ಲುಕೋರೆಯಲ್ಲಿ, ಸಾಲು ಸಾಲಾಗಿ ಕಲ್ಲು ಕತ್ತರಿಸಿದ ಮೇಲೆ ಉಳಿಯುವ ಗೋಡೆ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ಆಗಸ್ಟಿನಲ್ಲಿ ಹಿಮ ಹೆಚ್ಚಿನಂಶ ಕರಗಿರುತ್ತದೆ, ಪದರಗಳ ಸಂದಿಯಲ್ಲಿ, ನೀರು ಇಳಿಯುವ ಕೊರಕಲುಗಳಲ್ಲಿ ಮಾತ್ರ ಬಿಳಿ ಗೆರೆ ಉಳಿದಿರುತ್ತದೆ. ಕಪ್ಪು ಕಲ್ಲು, ಬಿಳಿ ಗೆರೆ, ಕಪ್ಪು ಕಲ್ಲು, ಬಿಳಿ ಗೆರೆ. ಅಗ್ಗದ ಜೂಮ್ ಲೆನ್ಸುಗಳಲ್ಲಿ ಇಂಥ ಅಂಚುಗಳಿಗೆಲ್ಲ ನೇರಳೆ ಬಣ್ಣ ಹತ್ತುತ್ತದೆ. ಇದರಲ್ಲಿ ಒಂದು ಫ್ಲೋರೈಟ್ ಹರಳು, ಎರಡು ಯುಡಿ ಅನ್ನುವ ವಿಶೇಷ ಗಾಜು ಇವೆ, ಬಣ್ಣ ಚದುರದಂತೆ ತಡೆಯುವುದೇ ಅವುಗಳ ಕೆಲಸ. ಎಫ್8ರಲ್ಲಿ ತೆಗೆದ ಫೋಟೋವನ್ನು ಎರಡಡಿಗೆ ಮೂರಡಿ ಪ್ರಿಂಟ್ ಹಾಕಿಸಿದ್ದೇನೆ, ಗೋಡೆಗೆ ಮೂಗು ತಾಗಿಸಿ ನೋಡಿದರೂ ಒಂದು ನೇರಳೆ ಗೆರೆ ಸಿಕ್ಕಲಿಲ್ಲ.

ತೂಕ 760 ಗ್ರಾಂ. ಇದರ ಅಣ್ಣ 70-200 ಎಫ್2.8 ಐಎಸ್ ಎರಡನೇ ಆವೃತ್ತಿ 1490 ಗ್ರಾಂ, ಸುಮಾರು ಎರಡು ಪಟ್ಟು. ಮದುವೆ ಹಾಲಿನ ಕತ್ತಲೆಗೆ ಅದು ಬೇಕು, ಒಪ್ಪುತ್ತೇನೆ. ಬೆಟ್ಟಕ್ಕೆ ಎಫ್8, ಎಫ್11 ಇಡುವವರಿಗೆ ಆ ಭಾರ ಸುಮ್ನೆ ಹೊರುವುದು. ಗೈಡ್ ಜೊತೆ ಆರು ಗಂಟೆ ಕಲ್ಲು ಕೆಸರಿನಲ್ಲಿ ನಡೆದ ದಿನ ಇದು ಭುಜಕ್ಕೆ ಚೆನ್ನಾಗಿ ಗೊತ್ತಾಯಿತು.

ಬೆಳಕಿನ ಬಗ್ಗೆ ಸ್ವಲ್ಪ ಉದ್ದ ಹೇಳಲೇಬೇಕು, ಅದಕ್ಕಾಗಿಯೇ ನಾನು ಮತ್ತೆ ಅಲ್ಲಿಗೆ ಹೋಗಲು ತಯಾರು. ಲಾಂಗ್‌ಇಯರ್‌ಬ್ಯೆನ್‌ನಲ್ಲಿ ಏಪ್ರಿಲ್ 20ರ ಸುಮಾರಿಗೆ ಸೂರ್ಯ ಮುಳುಗುವುದು ನಿಂತರೆ ಮತ್ತೆ ಮುಳುಗುವುದು ಆಗಸ್ಟ್ 23ರ ಹೊತ್ತಿಗೆ. ಜೂನಿನಲ್ಲಿ ಹೋದರೆ ನಡುರಾತ್ರಿಯಲ್ಲೂ ಸೂರ್ಯ ಸುಮಾರು ಹನ್ನೊಂದು ಡಿಗ್ರಿ ಮೇಲೆ ಇರುತ್ತಾನೆ. ಆಗಸ್ಟ್ ಮಧ್ಯದಲ್ಲಿ ಹೋದರೆ ಬರೇ ಎರಡು ಡಿಗ್ರಿ. ಅಂದರೆ ನಮ್ಮಲ್ಲಿ ಬೇಕಲ ಕೋಟೆಯ ಬುರುಜಿನ ಮೇಲೆ ಸಂಜೆ ಹತ್ತು ನಿಮಿಷ ಸಿಗುವ ಆ ಬಂಗಾರದ ಬೆಳಕು ಅಲ್ಲಿ ಗಂಟೆಗಟ್ಟಲೆ ಇರುತ್ತದೆ. ಮದುವೆ ಫೋಟೋಗ್ರಾಫರುಗಳಿಗೆ ಇದು ಎಂಥ ಭಾಗ್ಯ ಅಂತ ಅರ್ಥ ಆಗುತ್ತದೆ. ನಾವು ವಧೂವರರನ್ನು ಕಡಲ ತೀರಕ್ಕೆ ಓಡಿಸಿಕೊಂಡು ಹೋಗಿ ಸೂರ್ಯ ಮುಳುಗುವ ಮುಂಚೆ ನಾಲ್ಕು ಫೋಟೋ ಸಿಕ್ಕಿದರೆ ಸಾಕು ಅನ್ನುವವರು.

ಗಡಿಯಾರದ ಒಂದು ವಿಷಯ ಗೊತ್ತಿರಲಿ. ಬೇಸಿಗೆಯಲ್ಲಿ ನಾರ್ವೆಯ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಹಾಗಾಗಿ ಲಾಂಗ್‌ಇಯರ್‌ಬ್ಯೆನ್‌ನಲ್ಲಿ ಸೂರ್ಯ ನೇರ ಉತ್ತರಕ್ಕೆ ಬಂದು ಎಲ್ಲಕ್ಕಿಂತ ಕೆಳಗೆ ಇಳಿಯುವುದು ರಾತ್ರಿ 12ಕ್ಕೆ ಅಲ್ಲ, 1 ಗಂಟೆಯ ಹೊತ್ತಿಗೆ. 10 ಗಂಟೆಗೆ ಅವನು ವಾಯವ್ಯದಲ್ಲಿ ಇರುತ್ತಾನೆ. ಆಗ ಫ್ಯೋರ್ಡಿನಾಚೆಯ ಬೆಟ್ಟಕ್ಕೆ ಬೆಳಕು ಪಕ್ಕದಿಂದ ಬೀಳುತ್ತದೆ, ಪ್ರತಿ ಪದರಕ್ಕೂ ಒಂದು ನೆರಳು, ಪ್ರತಿ ಕೊರಕಲಿಗೂ ಒಂದು ನೆರಳು. ನನ್ನ ಅತಿ ಇಷ್ಟದ ಫೋಟೋ ಆ ಹೊತ್ತಿನದ್ದು. 135ಕ್ಕೆ ಜೂಮ್ ಮಾಡಿ, ಎಫ್8, ಟ್ರೈಪಾಡ್ ಮೇಲೆ. ಒಂದು ಮೋಡ ಬಂದು ಬೆಟ್ಟದ ಕೆಳ ಅರ್ಧವನ್ನು ನೆರಳು ಮಾಡಿತು, ಮೇಲಿನ ಅರ್ಧ ಕಾದ ಹಂಚಿನ ಹಾಗೆ ಕೆಂಪಗೆ ಉಳಿಯಿತು. ಎರಡು ನಿಮಿಷವೂ ಇರಲಿಲ್ಲ. ತಂಗಿ ಹಿಂದೆ ನಿಂತು "ಅಣ್ಣ, ಒಂದು ಗಂಟೆ ಆಗ್ತಾ ಬಂತು, ಮಲಗುವುದು ಯಾವಾಗ?" ಅಂತ ಕೇಳುವಾಗಲೂ ನಾನು ಅಲ್ಲೇ ಇದ್ದೆ.

ಊರಿನ ಅಂಚಿನಲ್ಲಿ ಹಿಮಕರಡಿಯ ಬೋರ್ಡ್ ಇದೆ, ಇಡೀ ಸ್ವಾಲ್‌ಬಾರ್ಡ್‌ಗೆ ಅನ್ವಯ ಅಂತ ಅದರಲ್ಲಿ ನಾರ್ವೇಜಿಯನ್ ಭಾಷೆಯಲ್ಲಿ ಬರೆದಿದೆ. ಅದನ್ನು ದಾಟಿ ಹೋಗಬೇಕಾದರೆ ರೈಫಲ್ ಇರುವ ಗೈಡ್ ಜೊತೆಯೇ ಹೋಗಿ. ಒಳ್ಳೆ ಬೆಳಕು ಬಂತು ಅಂತ ಒಬ್ಬರೇ ಟ್ರೈಪಾಡ್ ಎತ್ತಿಕೊಂಡು ಹೊರಡಬೇಡಿ, ದಯವಿಟ್ಟು.

ಮೂರನೇ ದಿನ ದೋಣಿಯಲ್ಲಿ ಬಿಲ್ಲೆಫ್ಯೋರ್ಡ್‌ಗೆ ಹೋದೆವು. ನೋರ್ಡೆನ್‌ಶೆಲ್ಡ್‌ಬ್ರೇನ್ ಅನ್ನುವ ದೊಡ್ಡ ಹಿಮನದಿ, ಎದುರು ದಂಡೆಯಲ್ಲಿ ಪಿರಮಿಡೆನ್, 1998ರಲ್ಲಿ ಮುಚ್ಚಿದ ರಷ್ಯನ್ ಕಲ್ಲಿದ್ದಲ ಗಣಿ. ಹಿಂದಿರುವ ಬೆಟ್ಟ ನಿಜಕ್ಕೂ ಪಿರಮಿಡ್ ಆಕಾರ, ಊರಿಗೆ ಹೆಸರು ಬಂದದ್ದೂ ಅದರಿಂದಲೇ. ಈ ಲೆನ್ಸಿನ ಐಎಸ್ ನಾಲ್ಕು ಸ್ಟಾಪಿನಷ್ಟು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಕೈನಡುಕ ತಡೆಯುತ್ತದೆ, ನೆಲದ ಮೇಲೆ 200ರಲ್ಲಿ 1/30 ಸೆಕೆಂಡಿಗೂ ಕೈಯಲ್ಲೇ ತೆಗೆದಿದ್ದೇನೆ. ಆದರೆ ದೋಣಿಯಲ್ಲಿ ಅದನ್ನು ನಂಬಿ ಕೂರಬೇಡಿ. ಐಎಸ್ ತಡೆಯುವುದು ಕೈಯ ನಡುಕವನ್ನು, ದೋಣಿ ಎದ್ದು ಬೀಳುವುದನ್ನು ಅಲ್ಲ. ಶಟರ್ ವೇಗ 1/1000ಕ್ಕಿಂತ ಕೆಳಗೆ ಇಳಿಯಬೇಡಿ, ಬೇಕಾದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅಂದರೆ ಐಎಸ್‌ಒ 800ಕ್ಕೆ ಏರಿಸಿ. ಎಲ್ಲರೂ ಅಲುಗಾಡದಿರಲಿ ಅಂತ ರೇಲಿಂಗಿಗೆ ಒರಗಿ ನಿಲ್ಲುತ್ತಾರೆ. ಅದೇ ತಪ್ಪು, ಎಂಜಿನಿನ ನಡುಕ ಕಬ್ಬಿಣದ ಮೂಲಕ ನೇರ ಕೈಗೆ ಬರುತ್ತದೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಮೊಣಕೈ ಎದೆಗೆ ಒತ್ತಿ, ನಡುವಲ್ಲಿ ನಿಲ್ಲಿ.

ಹಿಮನದಿ ಫ್ರೇಮಿನ ತುಂಬ ಬಂದಾಗ ಕ್ಯಾಮೆರಾ ಹೇಳಿದ ಎಕ್ಸ್‌ಪೋಷರ್ ಕೇಳಬೇಡಿ. ಮೀಟರ್ ಎಲ್ಲವನ್ನೂ ನಡು ಬೂದಿ ಬಣ್ಣ ಅಂತಲೇ ತಿಳಿಯುತ್ತದೆ, ಬಿಳಿ ಹಿಮವನ್ನು ಸಿಮೆಂಟು ಮಾಡಿಬಿಡುತ್ತದೆ. ಒಂದು ಸ್ಟಾಪ್, ಕೆಲವು ಸಲ ಒಂದೂವರೆ ಸ್ಟಾಪ್ ಪ್ಲಸ್ ಕೊಡಬೇಕು. ಬಿಳಿ ಸೀರೆಯ ಅಜ್ಜಿಯಂದಿರ ಫೋಟೋ ತೆಗೆದು ಅಭ್ಯಾಸ ಇದ್ದವರಿಗೆ ಇದು ಹೊಸತಲ್ಲ. ಕಪ್ಪು ಬಿಳುಪಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ಬಲಬದಿಯ ಗೋಡೆಗೆ ತಾಗದ ಹಾಗೆ ನೋಡಿಕೊಳ್ಳಿ, ಕ್ಯಾಮೆರಾ ತಿದ್ದದ ರಾ ಫೈಲಲ್ಲೇ ತೆಗೆಯಿರಿ. ನೆರಳಲ್ಲಿರುವ ಹಿಮ ನೀಲಿಯಾಗಿ ಬರುತ್ತದೆ, ಮೇಲಿನ ಆಕಾಶದ ಬೆಳಕು ಬಿದ್ದು. ಅದನ್ನು ಪೂರ್ತಿ ತೆಗೆಯಲು ಹೋಗಬೇಡಿ, ಆ ನೀಲಿ ಹೋದರೆ ಚಳಿಯೇ ಹೋಗುತ್ತದೆ.

ಒಂದು ತೊಂದರೆಗೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ. ಬಿಸಿಲಿದ್ದ ಮಧ್ಯಾಹ್ನ ನೀರಿನಾಚೆಯ ಬೆಟ್ಟಗಳನ್ನು 200ರಲ್ಲಿ ತೆಗೆದದ್ದೆಲ್ಲ ಬುಡದಲ್ಲಿ ಕಲಸಿದ ಹಾಗೆ ಬಂತು. ಫೋಕಸ್ ಕೆಟ್ಟಿದೆ ಅಂತ ಹೆದರಿದೆ. ಹಿಂದಿನ ಪರದೆಯ ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ನೋಡಿದರೆ ಬೆಟ್ಟದ ಬುಡ ನೀರಿನೊಳಗೆ ಇದ್ದ ಹಾಗೆ ಕುಣಿಯುತ್ತಿತ್ತು. ಚಳಿ ನೀರಿನ ಮೇಲೆ ಬೇರೆ ಬೇರೆ ಉಷ್ಣದ ಗಾಳಿಯ ಪದರಗಳು, ಮಾರ್ಚಿನಲ್ಲಿ ಡಾಮರು ರಸ್ತೆ ಮೇಲೆ ಕಾಣುವ ಅದೇ ಕುಣಿತ. ಚಳಿ ದೇಶದಲ್ಲಿ ಇದು ಇರಲಿಕ್ಕಿಲ್ಲ ಅಂತ ನಾನು ಎಣಿಸಿದ್ದೆ. ಮೋಡ ಇದ್ದಾಗ ತೆಗೆಯಿರಿ, ಸ್ವಲ್ಪ ಎತ್ತರಕ್ಕೆ ಹತ್ತಿ ತೆಗೆಯಿರಿ, ಇಪ್ಪತ್ತು ಫ್ರೇಮ್ ತೆಗೆದರೆ ಒಂದೆರಡು ಗಟ್ಟಿಯಾಗಿ ಸಿಗುತ್ತವೆ.

ಈಗ ಕಾಸರಗೋಡಿನ ಕಥೆಗೆ ಬರುತ್ತೇನೆ, ಅದಿಲ್ಲದಿದ್ದರೆ ಈ ಲೆನ್ಸ್ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಕೆಲವು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಇದಕ್ಕೆ ಫಂಗಸ್ ಹಿಡಿಯಿತು. ನಮ್ಮೂರ ತೇವಕ್ಕೆ ಉಪ್ಪಿನಕಾಯಿ ಭರಣಿಗೂ ಬೂಸ್ಟು ಬರುತ್ತದೆ, ಲೆನ್ಸು ಯಾವ ಲೆಕ್ಕ ಅಲ್ವಾ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಜೇಡನ ಬಲೆಯ ಹಾಗೆ ಸಣ್ಣ ಎಳೆಗಳು. ದೂರದ ಒಂದು ಪಟ್ಟಣದ ಸರ್ವಿಸಿಗೆ ಕೊಟ್ಟೆ. ಫಂಗಸ್ ಹೋಯಿತು, ಆದರೆ ವಾಪಸ್ ಬಂದ ಮೇಲೆ ಗ್ರೂಪ್ ಫೋಟೋದಲ್ಲಿ ಎಡಬದಿಯಲ್ಲಿ ಕೂತವರ ಮುಖ ಯಾವಾಗಲೂ ಮಂಕು. ಸರ್ವಿಸಿನವರನ್ನು ಕೇಳಿದರೆ ಸರಿಯಾಗಿಯೇ ಇದೆ ಅಂತ ವಾದ.

ಕಾಸರಗೋಡು ಪೇಟೆಯಲ್ಲಿ ಹಳೆಯ ಕ್ಯಾಮೆರಾ ರಿಪೇರಿ ಮಾಡುವ ಒಬ್ಬರು ಅಣ್ಣ ಇದ್ದಾರೆ, ಹೆಸರು ಬರೆಯಬೇಡ ಅಂದಿದ್ದಾರೆ. ಅವರ ಹತ್ತಿರ ತಗೊಂಡು ಹೋದೆ. ಲೆನ್ಸ್ ಮುಟ್ಟುವ ಮೊದಲು "ಬಾ ಮಾರಾಯ, ಹಿಂದೆ ಬಾ" ಅಂತ ಅಂಗಡಿಯ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಸಾರಣೆ ಮಾಡದ ಮುರಕಲ್ಲಿನ ಗೋಡೆ. ಅದಕ್ಕೆ ನೇರ ಎದುರಾಗಿ ಟ್ರೈಪಾಡ್ ಇಟ್ಟು, ಎಫ್4ರಲ್ಲಿ, 70ಕ್ಕೆ ಒಂದು, 135ಕ್ಕೆ ಒಂದು, 200ಕ್ಕೆ ಒಂದು ತೆಗೆದರು. ಆಮೇಲೆ ಕಂಪ್ಯೂಟರಿನಲ್ಲಿ ನಾಲ್ಕು ಮೂಲೆಗಳನ್ನು ಒಂದರ ಪಕ್ಕ ಒಂದು ಇಟ್ಟು ತೋರಿಸಿದರು. ಬಲಗಡೆ ಎರಡು ಮೂಲೆಯಲ್ಲಿ ಕಲ್ಲಿನ ಒಂದೊಂದು ತೂತೂ ಕಾಣುತ್ತಿತ್ತು, ತೂತಿನ ಒಳಗಿನ ಮಣ್ಣು ಕೂಡ. ಎಡಗಡೆ ಅದೇ ಕಲ್ಲು ಒದ್ದೆ ಬಟ್ಟೆಯಲ್ಲಿ ಒರಸಿದ ಹಾಗೆ. "ಒಳಗೆ ಗಾಜು ಓರೆ ಕೂತಿದೆ, ಬಿಚ್ಚಿ ಕೂರಿಸಿದವರು ಸರಿ ಕೂರಿಸಲಿಲ್ಲ. ಇಷ್ಟು ಒಳ್ಳೆ ಪರೀಕ್ಷೆಯ ಗೋಡೆ ಊರು ತುಂಬ ಉಂಟು, ಯಾರೂ ಉಪಯೋಗಿಸುವುದಿಲ್ಲ" ಅಂದರು. ಒಂದು ವಾರ ಇಟ್ಟುಕೊಂಡರು. ಸ್ವಲ್ಪ ತಿರುಗಿಸುವುದು, ಗೋಡೆಗೆ ಹಿಡಿಯುವುದು, ಮತ್ತೆ ಸ್ವಲ್ಪ ತಿರುಗಿಸುವುದು. ಕೊನೆಗೆ ನಾಲ್ಕೂ ಮೂಲೆ ಒಂದೇ ಹಾಗೆ ಬಂದ ಮೇಲೆ ಕೊಟ್ಟರು. ಬೆಟ್ಟದ ಫೋಟೋದಲ್ಲಿ ಇದು ಎಷ್ಟು ಮುಖ್ಯ ಅಂತ ಸ್ವಾಲ್‌ಬಾರ್ಡ್‌ನಲ್ಲಿ ಅರ್ಥವಾಯಿತು. ಉದ್ದಕ್ಕೆ ಒಂದೇ ಎತ್ತರದ ಪದರ, ಎಡದಿಂದ ಬಲದವರೆಗೆ ಒಂದೇ ಗೆರೆ. ಒಂದು ಬದಿ ಮಂಕಾದರೆ ಇಡೀ ಬೆಟ್ಟ ವಾಲಿದ ಹಾಗೆ ಕಾಣುತ್ತಿತ್ತು.

ತೇವದ ಊರಿನವರಾದ್ದಕ್ಕೆ ನಮಗೆ ಒಂದು ಲಾಭವೂ ಇದೆ. ಎಸಿ ಹಾಕಿದ ಕಾರಿನಿಂದ ಇಳಿದು ಮದುವೆ ಮನೆಗೆ ಹೋದ ಕೂಡಲೇ ಲೆನ್ಸಿಗೆ ಮಂಜು ಕಟ್ಟುವುದು ನಮಗೆ ಗೊತ್ತು. ಧ್ರುವದ ಕಡೆ ಆಗುವುದೂ ಅದೇ, ಹೊರಗೆ ತಣ್ಣಗಾದ ಲೆನ್ಸನ್ನು ಬೆಚ್ಚಗಿನ ಕೋಣೆಗೆ ತಂದಾಗ. ದೋಣಿಯ ಒಳಗೆ ಬಿಸಿ ಸೂಪಿನ ಹಬೆ, ಒದ್ದೆ ಜಾಕೆಟ್ಟುಗಳ ಹಬೆ. ನನ್ನ ಎದುರು ಕೂತವರ ದೊಡ್ಡ ಲೆನ್ಸ್ ಒಂದೇ ನಿಮಿಷದಲ್ಲಿ ಹಾಲಿನ ಹಾಗೆ ಬಿಳಿ ಆಯಿತು, ಹಿಮನದಿ ಎದುರು ಬರುವಾಗ ಅವರು ಒರಸುತ್ತಾ ಕೂತಿದ್ದರು. ನಾನು ಹೊರಗಿರುವಾಗಲೇ ಕ್ಯಾಮೆರಾ ಸಮೇತ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ಮುಚ್ಚಿ ಒಳಗೆ ಬರುತ್ತಿದ್ದೆ. ನೀರಿನ ಹನಿಗಳೆಲ್ಲ ಚೀಲದ ಹೊರಗೆ ಕಟ್ಟಿದವು, ಲೆನ್ಸ್ ಒಣಗಿಯೇ ಇತ್ತು. ಮುಕ್ಕಾಲು ಗಂಟೆ ಬಿಟ್ಟು ತೆಗೆದರೆ ಸಾಕು. ಮೆಮೊರಿ ಕಾರ್ಡ್ ಮಾತ್ರ ಚೀಲಕ್ಕೆ ಹಾಕುವ ಮೊದಲೇ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ಮೂರು ಇರಲಿ, ಎರಡು ಒಳಗಿನ ಶರ್ಟಿನ ಜೇಬಿನಲ್ಲಿ. ಚಳಿಗೆ ಸೋತ ಬ್ಯಾಟರಿ ಮೈ ಬಿಸಿಗೆ ಮತ್ತೆ ಸ್ವಲ್ಪ ಹೊತ್ತು ನಡೆಯುತ್ತದೆ.

ಮಳೆಹನಿಗೆ, ಕಡಲ ನೀರಿನ ಸಿಂಚನಕ್ಕೆ ಈ ಲೆನ್ಸ್ ಹೆದರುವುದಿಲ್ಲ, ಕ್ಯಾಮೆರಾಕ್ಕೆ ಕೂಡುವ ಮೌಂಟಿನಲ್ಲಿ ರಬ್ಬರ್ ಸೀಲ್ ಇದೆ. ಜೂಮ್ ಮಾಡಿದರೂ ಉದ್ದ ಬದಲಾಗುವುದಿಲ್ಲ, ಎಲ್ಲ ಒಳಗೇ ಸರಿಯುತ್ತದೆ. ಕೊಳವೆ ಹೊರಗೆ ಚಾಚಿ, ನೀರು ಹತ್ತಿಸಿಕೊಂಡು ಮತ್ತೆ ಒಳಗೆ ಹೋಗುವ ಗೊಡವೆ ಇಲ್ಲ. 2020ರಲ್ಲಿ ಬಂದ, ಕ್ಯಾನನ್ ಮಿರರ್‌ಲೆಸ್ ಕ್ಯಾಮೆರಾಗಳ ಆರ್‌ಎಫ್ ಮೌಂಟಿನ 70-200 ಎಫ್4 ಇನ್ನೂ ಹಗುರ, 695 ಗ್ರಾಂ, ಗಿಡ್ಡವೂ ಹೌದು, ಆದರೆ ಜೂಮ್ ಮಾಡುವಾಗ ಅದು ಮುಂದೆ ಚಾಚುತ್ತದೆ. ಬ್ಯಾಗಿನ ಜಾಗ ಮುಖ್ಯವಾದರೆ ಅದು, ಮಳೆ ಮುಖ್ಯವಾದರೆ ನನ್ನ ಆಯ್ಕೆ ಇದೇ. ಮಿರರ್‌ಲೆಸ್ ಬಾಡಿ ಇರುವವರೂ ಅಡಾಪ್ಟರ್ ಹಾಕಿ ಇದನ್ನು ಬಳಸಬಹುದು.

ಕಡಿಮೆ ಅನ್ನಿಸಿದ್ದನ್ನೂ ಹೇಳುತ್ತೇನೆ. ಲೆನ್ಸನ್ನೇ ಟ್ರೈಪಾಡಿಗೆ ಕೂರಿಸುವ ಬಳೆ, ಟ್ರೈಪಾಡ್ ಕಾಲರ್, ಇದರ ಜೊತೆ ಬರುವುದಿಲ್ಲ, ಬೇರೆ ಕೊಳ್ಳಬೇಕು. ಗಾಳಿ ಜೋರಿದ್ದಾಗ ಅದು ಬೇಕೇ ಬೇಕು. ಪ್ರಾಣಿಗಳಿಗೆ 200 ಸಾಲದು. 2025ರಿಂದ ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು ಅಂತ ಅಲ್ಲಿ ನಿಯಮ ಇದೆ, ಮಾರ್ಚಿನಿಂದ ಜೂನ್‌ವರೆಗೆ 500 ಮೀಟರ್. ಅಷ್ಟು ದೂರದಿಂದ 200ರಲ್ಲಿ ಕರಡಿ ಒಂದು ಅಕ್ಕಿಕಾಳು. ಆದರೆ ಅದೇ ಅಕ್ಕಿಕಾಳು ಬೆಟ್ಟದ ಬುಡದಲ್ಲಿದ್ದರೆ ಬೆಟ್ಟಕ್ಕೆ ಗಾತ್ರ ಸಿಗುತ್ತದೆ. ಫೋಟೋಗ್ರಾಫರ್ ಹರ್ಬರ್ಟ್ ಪಾಂಟಿಂಗ್ 1911ರಲ್ಲಿ ಅಂಟಾರ್ಕ್ಟಿಕಾದ ಎರೆಬಸ್ ಬೆಟ್ಟದ ಕಡೆ ತೆಗೆದ ಚಿತ್ರಗಳನ್ನು ನೋಡಿ, ಅಷ್ಟು ದೊಡ್ಡ ಹಿಮದ ಗೋಡೆಯ ಎದುರು ಎಲ್ಲೋ ಒಂದು ಮೂಲೆಯಲ್ಲಿ ಒಬ್ಬ ಮನುಷ್ಯ. ನನಗೆ ಕರಡಿ ಸಿಗಲಿಲ್ಲ. ನೋರ್ಡೆನ್‌ಶೆಲ್ಡ್‌ಬ್ರೇನ್ ಎದುರು ಒಂದು ರಬ್ಬರ್ ದೋಣಿ ಹೋಯಿತು, ಕೆಂಪು ಜಾಕೆಟಿನ ಆರು ಜನ. ಆ ಫೋಟೋ ನೋಡಿದವರು ಮೊದಲು ಹಿಮ ನೋಡುತ್ತಾರೆ, ಆಮೇಲೆ ದೋಣಿ ಕಣ್ಣಿಗೆ ಬೀಳುತ್ತದೆ, ಆಮೇಲೆ ಮತ್ತೆ ಹಿಮವನ್ನು ನೋಡುತ್ತಾರೆ.

ಧ್ರುವ ಪ್ರದೇಶಕ್ಕೆ ಹೋಗುವವರು ಒಂದೇ ಲೆನ್ಸ್ ಒಯ್ಯುವುದಾದರೆ ನಾನು ಹೇಳುವುದು ಇದನ್ನೇ. ಸೆಕೆಂಡ್ ಹ್ಯಾಂಡ್ ಧಾರಾಳ ಸಿಗುತ್ತದೆ. ಕರಾವಳಿಯವರಿಂದ ಕೊಳ್ಳುವಾಗ ಹಿಂದಿನ ಮುಚ್ಚಳ ತೆಗೆದು, ಟಾರ್ಚ್ ಓರೆಯಾಗಿ ಬಿಟ್ಟು ಎಳೆಗಳಿವೆಯಾ ನೋಡಿ. ಬಿಚ್ಚಿದ ಗುರುತು ಸ್ಕ್ರೂಗಳ ಮೇಲೆ ಇದೆಯಾ ನೋಡಿ. ಐಎಸ್ ಆನ್ ಮಾಡಿ ಕಿವಿ ಹತ್ತಿರ ಹಿಡಿಯಿರಿ, ಸಣ್ಣ ಗುಂಯ್ ಸದ್ದು ಸಹಜ, ಕಟಕಟ ಬಂದರೆ ಬಿಟ್ಟುಬಿಡಿ. ದುಡ್ಡು ಕೊಡುವ ಮೊದಲು ಎಫ್4ರಲ್ಲಿ ನಾಲ್ಕು ಮೂಲೆ ಪರೀಕ್ಷೆ ಮಾಡಿಯೇ ಕೊಡಿ. ಬದಿಯಡ್ಕದ ಕಡೆ ಬಂದರೆ ನಮ್ಮ ಸ್ಟುಡಿಯೋದ ಹಿಂದೆಯೂ ಸಾರಣೆ ಆಗದ ಮುರಕಲ್ಲಿನ ಗೋಡೆ ಉಂಟು, ಬೆಳಿಗ್ಗೆ ಹತ್ತರ ಒಳಗೆ ಬನ್ನಿ, ಆಗ ಬೆಳಕು ಪಕ್ಕದಿಂದ ಬೀಳುತ್ತದೆ.